ಬಾಡಿಗೆ ಲಾರಿಗೆ ಸ್ವಂತ ಬೀಗ

ತಾರಿಹಾಳದಿಂದಲೋ ಗೋಕುಲ ರಸ್ತೆಯಿಂದಲೋ ಲಕ್ಷಾಂತರ ರೂಪಾಯಿಗಳ ಸರಕು ಬಾಡಿಗೆ ಕಂಟೇನರ್ ಲಾರಿಯಲ್ಲಿ ಹೊರಡುವಾಗ, ಬಾಗಿಲಿಗೆ ಚಾಲಕನ ಹಳೆಯ ಬೀಗವನ್ನೇ ಹಾಕಿಸುವವರುಂಟು. ಅದರ ಕೀಲಿಕೈಗಳು ಎಷ್ಟು, ಯಾರ ಬಳಿ ಇವೆ ಎಂಬುದು ಸರಕಿನ ಒಡೆಯನಿಗೆ ತಿಳಿಯದು. ಆದ್ದರಿಂದ ಬೀಗವನ್ನು ವರ್ತಕನೇ ಕೊಳ್ಳುವುದು ಲೇಸು.

ಗಡಸು ಉಕ್ಕಿನ ಕೊಂಡಿಯುಳ್ಳ, ಆ ಕೊಂಡಿ ಆದಷ್ಟು ಕಡಿಮೆ ಹೊರಗೆ ಕಾಣುವ ಬೀಗವನ್ನು ಕತ್ತರಿಸುವುದಾಗಲಿ ಮೀಟುವುದಾಗಲಿ ಸುಲಭವಲ್ಲ. ಚಿಲಕದ ತೂತನ್ನು ಮೊದಲೇ ಅಳೆಯಬೇಕು. ಚಿಲಕವೇ ಸಡಿಲವಾಗಿದ್ದರೆ ಎಂತಹ ಬೀಗವೂ ವ್ಯರ್ಥ.

ಬೀಗದಷ್ಟೇ ಮುಖ್ಯವಾದುದು ಲಾರಿ ರಸೀದಿ. ರಸ್ತೆ ಸಾಗಣೆ ಕುರಿತ 2007ರ ಕೇಂದ್ರ ಅಧಿನಿಯಮದಂತೆ, ಹೆಚ್ಚಿನ ಅಪಾಯದ ದರವನ್ನು ತೆರಲು ಸ್ಪಷ್ಟವಾಗಿ ಒಪ್ಪದಿದ್ದರೆ ಸಾಗಣೆ ಸಂಸ್ಥೆಯ ಹೊಣೆ ಸೀಮಿತ. ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ನೀಡದೆ ದಾವೆ ಹೂಡಲಾಗದು. ಕೆಲವು ನೂರು ರೂಪಾಯಿ ಉಳಿಸಲು ಅಸಲನ್ನೇ ಅಪಾಯಕ್ಕೊಡ್ಡುವುದು ವ್ಯಾಪಾರದ ಲೆಕ್ಕವೆನಿಸದು.