ಮೊದಲಿಗ ಯಾರೆಂಬ ವಾಗ್ವಾದ. ಮರೆಗೆ ಸರಿದ ಎರಡನೆಯವನ ಪ್ರಶ್ನೆ

ಅಮೆರಿಕದ ಕಾಲೇಜು ಫುಟ್‌ಬಾಲ್ ಋತು ಆರಂಭವಾಗುವುದು ಆಗಸ್ಟ್ ಅಂತ್ಯದಲ್ಲಿ. ಆದರೆ ಅಭಿಮಾನಿಗಳ ವಾಗ್ವಾದ ಅಷ್ಟು ದಿನ ಕಾಯುವುದಿಲ್ಲ. ತಂಡದಲ್ಲಿ ಇಬ್ಬರು ಸಮರ್ಥ ಕ್ವಾರ್ಟರ್‌ಬ್ಯಾಕ್‌ಗಳಿದ್ದರೆ, ಮೊದಲ ಪಂದ್ಯಕ್ಕೆ ಇಳಿಯುವವರು ಯಾರು ಎಂಬ ಚರ್ಚೆ ವಸಂತದ ಅಭ್ಯಾಸ ಶಿಬಿರದಿಂದಲೇ ಕಾವೇರುತ್ತದೆ.

ಇದಕ್ಕೆ ಕಾರಣ ಆಟದ ಸ್ವರೂಪದಲ್ಲೇ ಇದೆ. ಆಕ್ರಮಣಕ್ಕಿಳಿಯುವ ಹನ್ನೊಂದು ಮಂದಿಯಲ್ಲಿ ಚೆಂಡು ಬಹುತೇಕ ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೆ, ಸಹ ಆಟಗಾರನಿಗೆ ಒಪ್ಪಿಸಬೇಕೆ, ತಾನೇ ಹಿಡಿದು ಓಡಬೇಕೆ ಎಂಬುದನ್ನು ಆತ ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ಕ್ರಿಕೆಟ್‌ನ ವಿಕೆಟ್ ಕೀಪರ್‌ನಂತೆ ಇಲ್ಲಿಯೂ ಇರುವುದು ಒಂದೇ ಸ್ಥಾನ. ಎರಡನೆಯವನು ಎಷ್ಟೇ ಪ್ರತಿಭಾವಂತನಾದರೂ ಅಂಗಳದ ಅಂಚಿನಲ್ಲಿ ನಿಲ್ಲಬೇಕಾಗುತ್ತದೆ.

ಅಲಬಾಮಾ ವಿಶ್ವವಿದ್ಯಾಲಯದ 2018ರ ಪ್ರಸಂಗ ಈ ಬಗೆಯ ವಾಗ್ವಾದಕ್ಕೆ ಉತ್ತಮ ನಿದರ್ಶನ. ಜೇಲೆನ್ ಹರ್ಟ್ಸ್ ಎರಡು ಋತುಗಳಲ್ಲಿ ಆರಂಭಿಕರಾಗಿ ಇಳಿದ 28 ಪಂದ್ಯಗಳ ಪೈಕಿ 26ರಲ್ಲಿ ತಂಡ ಗೆದ್ದಿತ್ತು. ಆದರೆ ಅವುಗಳಲ್ಲಿ ಕೊನೆಯದಾದ, 2018ರ ಜನವರಿ 8ರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ತಂಡ ಅರ್ಧ ಸಮಯಕ್ಕೆ ಜಾರ್ಜಿಯಾ ವಿರುದ್ಧ 0-13ರಿಂದ ಹಿಂದಿದ್ದಾಗ ಅವರನ್ನು ಹೊರಗೆ ಕೂರಿಸಲಾಯಿತು. ಬದಲಿಗೆ ಬಂದ ಟುವಾ ಟಾಗೊವೈಲೋವ ಹೆಚ್ಚುವರಿ ಅವಧಿಯಲ್ಲಿ 41 ಗಜಗಳ ಎಸೆತದಿಂದ 26-23ರ ಜಯ ತಂದಿತ್ತರು.

ಮುಂದಿನ ಋತುವಿನವರೆಗೂ ಅಭಿಮಾನಿಗಳು ಎರಡು ಬಣಗಳಾದರು. ಗೆಲುವಿನ ದಾಖಲೆಯನ್ನು ಕಡೆಗಣಿಸಬಾರದೆಂದು ಒಂದು ಬಣ. ಎಸೆತದ ನಿಖರತೆಯೇ ಮುಖ್ಯವೆಂದು ಇನ್ನೊಂದು ಬಣ. ಅಂದಿನ ತರಬೇತುದಾರ ನಿಕ್ ಸೇಬನ್ ಕೊನೆಗೆ ಟಾಗೊವೈಲೋವ ಅವರನ್ನೇ ಆರಿಸಿದರು. ಹರ್ಟ್ಸ್ ಮಾತ್ರ ತಂಡ ತೊರೆಯಲಿಲ್ಲ. ಡಿಸೆಂಬರ್ 1ರಂದು ಅದೇ ಅಟ್ಲಾಂಟಾ ಕ್ರೀಡಾಂಗಣದಲ್ಲಿ, ಅದೇ ಜಾರ್ಜಿಯಾ ವಿರುದ್ಧ ಟಾಗೊವೈಲೋವ ಗಾಯಗೊಂಡಾಗ, 21-28ರಿಂದ ಹಿಂದಿದ್ದ ತಂಡವನ್ನು 35-28ರ ಗೆಲುವಿಗೆ ಒಯ್ದವರು ಅವರೇ.

ಅದೇ ಋತುವಿನಲ್ಲಿ ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ತಂಡದಲ್ಲಿ ಇದಕ್ಕೆ ತದ್ವಿರುದ್ಧ ಬೆಳವಣಿಗೆ ನಡೆಯಿತು. ನಾಲ್ಕು ಪಂದ್ಯ ಗೆದ್ದ ಬಳಿಕ ಆರಂಭಿಕ ಸ್ಥಾನ ಹೊಸಬರಾದ ಟ್ರೆವರ್ ಲಾರೆನ್ಸ್ ಪಾಲಾಯಿತು. ಸ್ಥಾನ ಕಳೆದುಕೊಂಡ ಕೆಲ್ಲಿ ಬ್ರಯಂಟ್ ಕೆಲವೇ ದಿನಗಳಲ್ಲಿ ತಂಡ ಬಿಟ್ಟರು. ನಾಲ್ಕು ಪಂದ್ಯಗಳವರೆಗೆ ಆಡಿದರೂ ಆಟದ ಅರ್ಹತೆಯ ಒಂದು ವರ್ಷ ನಷ್ಟವಾಗದೆಂಬ ನಿಯಮ ಆ ವರ್ಷವಷ್ಟೇ ಜಾರಿಗೆ ಬಂದಿತ್ತು. ಮರು ಶನಿವಾರವೇ ಲಾರೆನ್ಸ್ ಗಾಯಗೊಂಡರು. ಸಿರಕ್ಯೂಸ್ ವಿರುದ್ಧ ತಂಡವನ್ನು 27-23ರಿಂದ ಪಾರುಮಾಡುವ ಹೊಣೆ ಚೇಸ್ ಬ್ರೈಸ್ ಹೆಗಲಿಗೆ ಬಿತ್ತು. ಕ್ಲೆಮ್ಸನ್ ಮುಂದೆ ಅಲಬಾಮಾವನ್ನೇ 44-16ರಿಂದ ಸೋಲಿಸಿ ಚಾಂಪಿಯನ್ ಆಯಿತಾದರೂ, ಆ ಒಂದು ಶನಿವಾರ ಇಡೀ ಋತು ತೂಗುಯ್ಯಾಲೆಯಲ್ಲಿತ್ತು.

ಅಂದಿನಿಂದೀಚೆಗೆ ನಿಯಮಗಳು ಇನ್ನಷ್ಟು ಸಡಿಲಗೊಂಡಿವೆ. ಹಿಂದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ಫುಟ್‌ಬಾಲ್ ಆಟಗಾರ, ಪದವೀಧರನಲ್ಲದಿದ್ದರೆ, ಸಾಮಾನ್ಯವಾಗಿ ಒಂದು ವರ್ಷ ಆಡುವಂತಿರಲಿಲ್ಲ. 2021ರಲ್ಲಿ ಮೊದಲ ವರ್ಗಾವಣೆಗೆ ಈ ನಿರ್ಬಂಧ ತೆರವಾಯಿತು. 2024ರಲ್ಲಿ ವ್ಯಾಸಂಗದ ಅರ್ಹತೆಯಿದ್ದವರಿಗೆ ವರ್ಗಾವಣೆಯ ಮಿತಿಯೂ ಹೋಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ವರ್ಚಸ್ಸಿನಿಂದ ಹಣ ಗಳಿಸಬಹುದಾಯಿತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಪಾಲು ನೀಡಲು ಅವಕಾಶ ದೊರೆಯಿತು. ಮೊದಲ ವರ್ಷ ಪ್ರತಿ ವಿಶ್ವವಿದ್ಯಾಲಯಕ್ಕೆ ನಿಗದಿಯಾದ ಗರಿಷ್ಠ ಮೊತ್ತ ಸುಮಾರು 2.05 ಕೋಟಿ ಡಾಲರ್.

ಹೀಗಾಗಿ ಸ್ಪರ್ಧೆಯಲ್ಲಿ ಸೋತವನಿಗೆ ಬೇರೆಡೆ ಸ್ಥಾನವೂ ಉಂಟು, ಹಣವೂ ಉಂಟು. ಟೆಕ್ಸಾಸ್‌ನಲ್ಲಿ ಆರ್ಚ್ ಮ್ಯಾನಿಂಗ್ ಎರಡು ಋತು ಕ್ವಿನ್ ಯೂವರ್ಸ್ ಹಿಂದೆ ಕಾದು 2025ರಲ್ಲಿ ಮೊದಲಿಗರಾದದ್ದು ಸುದ್ದಿಯಾಗಲು ಅಂಥ ತಾಳ್ಮೆ ಅಪರೂಪವಾದದ್ದೂ ಒಂದು ಕಾರಣ. ಕಾಯದೆ ಹೋದವರನ್ನು ದೂಷಿಸುವುದೂ ನ್ಯಾಯವಲ್ಲ. ಕಾಲೇಜಿನಲ್ಲಿ ಆಡಲು ಸಿಗುವ ವರ್ಷಗಳು ಬೆರಳೆಣಿಕೆಯವು. ಪದವಿ ಮುಗಿಸಿ 2019ರಲ್ಲಿ ಒಕ್ಲಹೋಮಕ್ಕೆ ತೆರಳಿದ ಹರ್ಟ್ಸ್ 2025ರ ಫೆಬ್ರುವರಿಯಲ್ಲಿ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರರೆನಿಸಿದರು.

ಅಭಿಮಾನಿಗಳು ಇಂದಿಗೂ ಕೇಳುತ್ತಿರುವುದು ಇಬ್ಬರಲ್ಲಿ ಉತ್ತಮರು ಯಾರು ಎಂದು. ತರಬೇತುದಾರರ ಮುಂದಿರುವ ಪ್ರಶ್ನೆ ಬೇರೆ: ಒಬ್ಬನನ್ನು ಆರಿಸಿದ ಮೇಲೆ ಇನ್ನೊಬ್ಬನನ್ನು ಉಳಿಸಿಕೊಳ್ಳುವುದು ಹೇಗೆ? ಗಾಯಗಳು ಸಾಮಾನ್ಯವಾದ ಈ ಆಟದಲ್ಲಿ ಋತುವಿನ ಅಳಿವು ಉಳಿವು ಎಷ್ಟೋ ಸಲ ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿರುತ್ತದೆ.