ತಲೆ ಸಿಕ್ಕಿತು, ಬಾಲ ನಾವೇ ಬರೆದೆವು

ಡಂಕ್ಲಿಯೋಸ್ಟಿಯಸ್ ಅನ್ನೋ ಮೀನಿನ ಚಿತ್ರವನ್ನ ನೀವು ಎಲ್ಲಾದರೂ ನೋಡೇ ಇರ್ತೀರಿ. ತಲೆ, ಕತ್ತಿನ ಸುತ್ತ ದಪ್ಪ ಮೂಳೆಯ ಕವಚ. ಹಲ್ಲೇ ಇಲ್ಲ, ದವಡೆಯ ಮೂಳೆಯೇ ಕತ್ತಿಯ ಅಲಗಿನಂತೆ ಹರಿತ. ಸುಮಾರು 36 ಕೋಟಿ ವರ್ಷಗಳ ಹಿಂದೆ, ಇವತ್ತು ಅಮೆರಿಕದ ಓಹಾಯೋ ಇರೋ ಜಾಗದಲ್ಲಿದ್ದ ಸಮುದ್ರದಲ್ಲಿ ಓಡಾಡಿಕೊಂಡಿತ್ತು. ಉದ್ದ ಎಷ್ಟು ಅಂದ್ರೆ ಎಂಟು ಮೀಟರ್, ಒಂಬತ್ತು ಮೀಟರ್ ಅಂತ ಮಕ್ಕಳ ಪುಸ್ತಕಗಳೂ ಟಿವಿಯವರೂ ಹೇಳಿಕೊಂಡು ಬಂದರು.

ಆದರೆ ಸಿಕ್ಕಿರೋದು ಬಹುಪಾಲು ಆ ಕವಚ ಮಾತ್ರ! 1867ರಲ್ಲಿ ಈರಿ ಸರೋವರದ ದಂಡೆಯಲ್ಲಿ ಜೇ ಟೆರೆಲ್‌ಗೆ ಮೊದಲು ಸಿಕ್ಕಿದ್ದೂ ಅದೇ. ಕವಚದ ಹಿಂದಿನ ಮೈಯೊಳಗೆ ಇದ್ದದ್ದು ಹೆಚ್ಚಾಗಿ ಮೃದ್ವಸ್ಥಿ. ಅದು ಕಲ್ಲಾಗಿ ಉಳಿಯೋದು ಅಪರೂಪ. ಹಾಗಾಗಿ ಶಾರ್ಕಿನ ಬಾಯಿಗೂ ಮೈಗೂ ಇರೋ ಅಳತೆ ಹಿಡಿದು ಇದರ ಮೈಯನ್ನೂ ಲೆಕ್ಕ ಹಾಕಿದರು. ಬಾಯಿ ದೊಡ್ಡದಿತ್ತು, ಮೀನೂ ದೊಡ್ಡದಾಯ್ತು.

2023ರಲ್ಲಿ ರಸೆಲ್ ಎಂಗೆಲ್ಮನ್ ಅನ್ನೋ ಸಂಶೋಧಕರು ಬಾಯಿ ಬಿಟ್ಟು ಬೇರೆ ಅಳತೆ ಹಿಡಿದರು. ಕಣ್ಣಿನ ಕುಳಿಯ ಮುಂದಿನ ಅಂಚಿನಿಂದ ಕಿವಿರಿನ ಮುಚ್ಚಳದ ತುದಿವರೆಗಿನ ಉದ್ದ. ಮೀನುಗಳಲ್ಲಿ ಇದಕ್ಕೂ ಇಡೀ ಮೈಯ ಉದ್ದಕ್ಕೂ ಹೊಂದಾಣಿಕೆ ಚೆನ್ನಾಗಿರುತ್ತಂತೆ. ಲೆಕ್ಕ ಬಂದದ್ದು ಸುಮಾರು 3.4 ಮೀಟರ್, ತೀರಾ ದೊಡ್ಡದು ನಾಲ್ಕರ ಆಸುಪಾಸು. ಗಿಡ್ಡ, ಗುಂಡು ಮೈ.

ಅಭಿಮಾನಿಗಳಿಗೆ ಬೇಜಾರಾಯ್ತು. ನನಗೇನೂ ಆಗಲಿಲ್ಲ ಬಿಡಿ. ಆ ದವಡೆ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ತೆರೆದುಕೊಳ್ತಿತ್ತು ಅಂತ ಇನ್ನಿಬ್ಬರು ಸಂಶೋಧಕರು ಮೊದಲೇ ಲೆಕ್ಕ ಹಾಕಿದ್ದರು. ಅದು ಕೈಯಲ್ಲಿರೋ ತಲೆಬುರುಡೆಯಿಂದ ಮಾಡಿದ ಲೆಕ್ಕ, ಬಾಲ ಎಷ್ಟುದ್ದ ಇದ್ದರೂ ಅದಕ್ಕೇನು?

ನನ್ನ ತಕರಾರು ಚಿತ್ರ ಬರೆಯೋರ ಮೇಲೆ. ಸಿಕ್ಕ ತಲೆಗೂ ಊಹಿಸಿದ ಬಾಲಕ್ಕೂ ಒಂದೇ ಬಣ್ಣ, ಒಂದೇ ಗೆರೆ. ನೋಡೋ ಹುಡುಗನಿಗೆ ಎರಡೂ ಒಂದೇ ಥರ ನಿಜ. ನಾಳೆ ಆ ಸಂಖ್ಯೆ ಬದಲಾದಾಗ ಅವನು, "ಈ ವಿಜ್ಞಾನಿಗಳು ದಿನಕ್ಕೊಂದು ಹೇಳ್ತಾರೆ" ಅಂತಾನೆ. ಇದೇ ಮಾತನ್ನ ನಾವು ಲಸಿಕೆ ವಿಷಯದಲ್ಲೂ ಕೇಳಿದ್ದೇವೆ, ಅಲ್ವಾ?

ಎಂಗೆಲ್ಮನ್ ಅವರದ್ದೂ ಅಂದಾಜೇ. ಇವತ್ತಿಗೆ ಹೆಚ್ಚು ಆಧಾರ ಇರೋ ಅಂದಾಜು, ಅಷ್ಟೆ. ನೀವು ಯಾರಾದರೂ ಈ ಮೀನಿನ ಬಗ್ಗೆ ಬರೆದರೆ 3.4ರ ಹಿಂದೆ 'ಸುಮಾರು' ಅಂತ ಹಾಕಿ. ಚಿತ್ರ ಬರೆಯೋ ಕೈ ಇದ್ದವರು ಕವಚದಿಂದ ಹಿಂದಕ್ಕೆ ಬರೀ ಚುಕ್ಕೆ ಗೆರೆ ಎಳೀರಿ.