ಹಳೆಯ ಹೋಟೆಲಿನ ರುಚಿ ಸರಿ, ಅಡುಗೆಮನೆಯ ಸಂಗತಿ ಏನು?

ರಜೆ ಬಂತೆಂದರೆ ಮನೆಮಂದಿಯೆಲ್ಲ ಕಾರು ಹತ್ತುವುದು ನಮ್ಮಲ್ಲಿ ಈಗ ಸಾಮಾನ್ಯವಾಗಿದೆ. ಹಾವೇರಿ, ಹಾನಗಲ್ ಕಡೆಯವರು ಆನವಟ್ಟಿ, ಸೊರಬದ ಮೇಲೆ ಜೋಗಕ್ಕೆ ಹೋಗುತ್ತಾರೆ. ಹೊನ್ನಾಳಿ, ದಾವಣಗೆರೆ ಕಡೆಯವರು ಶಿಕಾರಿಪುರ, ಶಿರಾಳಕೊಪ್ಪದ ಮೇಲೆ ಬನವಾಸಿ, ಶಿರಸಿಗೆ ಹೋಗುತ್ತಾರೆ. ಮಧ್ಯೆ ಅಂಜನಾಪುರ ಜಲಾಶಯ, ಬಳ್ಳಿಗಾವಿ, ಗುಡವಿ ಪಕ್ಷಿಧಾಮ. ಇತ್ತೀಚೆಗಂತೂ ಊರು ನೋಡುವುದಕ್ಕಿಂತ ಊಟದ ಜಾಗ ಹುಡುಕುವುದೇ ಪ್ರವಾಸದ ಉದ್ದೇಶ ಆಗಿಬಿಟ್ಟಿದೆ. ಅಜ್ಜನ ಕಾಲದ ಹೋಟೆಲಿನ ದೋಸೆ, ಬಸ್ ನಿಲ್ದಾಣದ ಪಕ್ಕದ ಮಂಡಕ್ಕಿ ಮಿರ್ಚಿ, ಗಾಜಿನ ಕಪಾಟಿನಲ್ಲಿ ಜಿಲೇಬಿ, ಮೈಸೂರು ಪಾಕು ಜೋಡಿಸಿಟ್ಟ ಹಳೆಯ ಮಿಠಾಯಿ ಅಂಗಡಿ: ಇವನ್ನು ಹುಡುಕಿಕೊಂಡು ಐವತ್ತು ಅರವತ್ತು ಕಿಲೋಮೀಟರ್ ಹೋಗುವವರಿದ್ದಾರೆ.

ಇದರಲ್ಲಿ ತಪ್ಪೇನಿಲ್ಲ. ದಾವಣಗೆರೆಗೆ ಬೆಣ್ಣೆದೋಸೆ, ಧಾರವಾಡಕ್ಕೆ ಪೇಡೆ, ಬೆಳಗಾವಿಗೆ ಕುಂದಾ, ಗೋಕಾಕಕ್ಕೆ ಕರದಂಟು ಹೆಸರು ತಂದುಕೊಟ್ಟಿವೆ. ಆ ಹೆಸರನ್ನು ಕಾಪಾಡಿದ್ದು ದೊಡ್ಡ ಕಂಪೆನಿಗಳಲ್ಲ, ಒಂದೇ ಕಸುಬನ್ನು ತಲೆಮಾರುಗಳವರೆಗೆ ಮಾಡಿಕೊಂಡು ಬಂದ ಕುಟುಂಬಗಳು. ಪ್ಲಾಸ್ಟಿಕ್ ಪೊಟ್ಟಣದ ಕುರುಕಲಿಗಿಂತ ಕಣ್ಣೆದುರೇ ಹಂಚಿನ ಮೇಲೆ ಬೆಂದ ದೋಸೆ ಮಕ್ಕಳಿಗೆ ಎಷ್ಟೋ ಮೇಲು. ಆದರೆ ಒಂದು ಮಾತನ್ನು ಹೇಳಲೇಬೇಕು. ಅಂಗಡಿ ಹಳೆಯದು ಎಂಬುದು ರುಚಿಗೆ ಸಾಕ್ಷಿಯಾಗಬಹುದು, ಶುಚಿಗೆ ಸಾಕ್ಷಿಯಾಗುವುದಿಲ್ಲ.

ನಮ್ಮ ಕುಟುಂಬಗಳು ಹೊಸ ಊರಿನಲ್ಲಿ ಹೋಟೆಲ್ ಹುಡುಕುವಾಗ ಮೊದಲು ನೋಡುವುದು 'ಹಲಾಲ್' ಫಲಕವನ್ನು. ನೋಡಲೇಬೇಕು. ಆದರೆ ಅದನ್ನು ನೋಡಿದ ಕೂಡಲೇ ನಮ್ಮ ವಿಚಾರಣೆ ಮುಗಿದುಬಿಡುತ್ತದೆ. ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದ 168ನೇ ಸೂಕ್ತದಲ್ಲಿ ಹಲಾಲ್ ಎಂಬುದರ ಜೊತೆಗೇ ತಯ್ಯಿಬ್ ಎಂಬುದನ್ನೂ ಹೇಳಿದೆ. ಆಹಾರ ಧರ್ಮಸಮ್ಮತವಾಗಿದ್ದರೆ ಸಾಲದು, ಉತ್ತಮವೂ ಶುದ್ಧವೂ ಆಗಿರಬೇಕು. ಸರಿಯಾಗಿ ಜಬಹ್ ಮಾಡಿದ ಮಾಂಸವನ್ನು ಮೂರು ದಿನದ ಹಳೆಯ ಎಣ್ಣೆಯಲ್ಲಿ ಕರಿದು ಬಡಿಸಿದರೆ ಮೊದಲ ಮಾತು ಪಾಲನೆಯಾಯಿತು, ಎರಡನೆಯದು ಬಿಟ್ಟುಹೋಯಿತು.

ಪ್ರವಾದಿ(ಸ) ಒಮ್ಮೆ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುವಾಗ ಅದರೊಳಗೆ ಕೈಯಿಟ್ಟು ನೋಡಿದ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಮೇಲೆ ಒಣಗಿತ್ತು, ಒಳಗೆ ಒದ್ದೆಯಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದೂ ಎಚ್ಚರಿಸಿದರು. ಇದರಲ್ಲಿ ವ್ಯಾಪಾರಿಗೆ ಪಾಠವಿರುವಂತೆ ಗಿರಾಕಿಗೂ ಪಾಠವಿದೆ. ಒಳಗೆ ಏನಿದೆಯೆಂದು ನೋಡುವುದು ಅವಮರ್ಯಾದೆಯಲ್ಲ.

ಹಾಗಾದರೆ ನೋಡುವುದು ಏನನ್ನು? ಮೊದಲು, ತಿಂಡಿಯ ಪಟ್ಟಿಯನ್ನು. ಬೆಳಿಗ್ಗೆ ಇಡ್ಲಿ, ದೋಸೆ ಮಾಡಿ ಹನ್ನೊಂದು ಗಂಟೆಗೆ 'ಮುಗಿಯಿತು' ಎನ್ನುವ ಚಿಕ್ಕ ಹೋಟೆಲ್ ನೂರು ತಿನಿಸಿನ ಪಟ್ಟಿಯಿರುವ ಹೆದ್ದಾರಿ ಹೋಟೆಲಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಅಲ್ಲಿ ಉಳಿಯುವುದೇ ಕಡಿಮೆ, ಉಳಿದದ್ದನ್ನು ಮರುದಿನ ಬಿಸಿ ಮಾಡುವ ಪ್ರಸಂಗವೂ ಕಡಿಮೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಆದ್ದರಿಂದ ಹಬೆಯಾಡುವ ಸಾಂಬಾರಿಗಿಂತ ಬೆಳಿಗ್ಗೆ ರುಬ್ಬಿ ಹೊರಗಿಟ್ಟ ಕಾಯಿ ಚಟ್ನಿಯನ್ನು ಮಧ್ಯಾಹ್ನ ತಿನ್ನುವುದರಲ್ಲಿ ಅಪಾಯ ಹೆಚ್ಚು. ತಣ್ಣಗಾದ ಬಿರಿಯಾನಿಗೂ ಇದೇ ಮಾತು. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಕೆಲವು ವಿಷಗಳು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಎರಡನೆಯದು ಬಾಣಲೆ. ಮಿರ್ಚಿ, ಬೋಂಡಾ, ಸಮೋಸಾ, ಕಬಾಬ್ ಯಾವುದೇ ಇರಲಿ, ಎಣ್ಣೆ ಕಪ್ಪಗೆ, ಜಿಗುಟಾಗಿ, ನೊರೆಯೇಳುತ್ತಿದ್ದರೆ ಅದು ಮತ್ತೆ ಮತ್ತೆ ಕಾಯಿಸಿದ ಎಣ್ಣೆ. ಕರಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳ ಪ್ರಮಾಣ ಶೇಕಡಾ 25 ದಾಟಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ವನಸ್ಪತಿ, ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂಬ ಮಿತಿ 2022ರಿಂದ ಇದೆ. ಪ್ರತಿ ಬಾಣಲೆಯನ್ನೂ ಅಧಿಕಾರಿ ಬಂದು ಅಳೆಯಲಾರರು. ಅಳೆಯಬೇಕಾದದ್ದು ನಮ್ಮ ಕಣ್ಣು, ಮೂಗು. ಕೆಂಪು ಬಣ್ಣದ ಮೋಹವನ್ನೂ ಬಿಡಬೇಕು. ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮಿನ್-ಬಿಯಂಥ ಬಣ್ಣ ಬೆರೆಸುವುದನ್ನು 2024ರ ಮಾರ್ಚ್‌ನಲ್ಲಿ, ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ಅದೇ ವರ್ಷದ ಜೂನ್‌ನಲ್ಲಿ ರಾಜ್ಯ ಸರಕಾರ ನಿಷೇಧಿಸಿತು. ಕಬಾಬ್ ಕೆಂಪಗಿರದಿದ್ದರೆ ಮಕ್ಕಳು ಮುಟ್ಟುವುದಿಲ್ಲ ಎಂಬ ಅಭ್ಯಾಸ ಮಾಡಿಸಿದವರು ನಾವೇ ದೊಡ್ಡವರು.

ಇನ್ನು ಮಿಠಾಯಿ ಅಂಗಡಿ. ಬೆಂಡು ಬತ್ತಾಸು, ಮೈಸೂರು ಪಾಕು, ಚೆನ್ನಾಗಿ ಹುರಿದ ಪೇಡೆ ಇವುಗಳಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಕೆಲವು ದಿನ ತಾಳುತ್ತವೆ. ಹಾಲು, ಖೋವಾದ ಮೆತ್ತನೆಯ ಸಿಹಿಗಳು ತಾಳುವುದಿಲ್ಲ. ಕಲಾಕಂದನ್ನು ಮಾಡಿದ ದಿನವೇ, ರಸಗುಲ್ಲಾದಂಥವನ್ನು ಎರಡು ದಿನದೊಳಗೆ ತಿನ್ನಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಮಾರ್ಗಸೂಚಿ. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ 'ಇಷ್ಟರೊಳಗೆ ಬಳಸಿ' ಎಂಬ ದಿನಾಂಕ ಇಡಬೇಕೆಂದು 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಲಾಗಿದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಕೇಳಿದ್ದೇವೆ? ಸೊರಬದಲ್ಲಿ ಕೊಂಡ ಹಾಲಿನ ಸಿಹಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡೀ ದಿನ ಇಟ್ಟು, ಸಂಜೆ ನೆಂಟರ ಮನೆಯಲ್ಲಿ ಪುಟ್ಟ ಮಕ್ಕಳ ಕೈಗೆ ಕೊಟ್ಟರೆ ಆಗ ತಪ್ಪು ಅಂಗಡಿಯವರದಲ್ಲ. ಬಿಸಿ ಜಿಲೇಬಿ, ಬಜ್ಜಿಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಕೊಟ್ಟರೆ ಬೇಡವೆನ್ನಿ, ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ. ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ದರೆ ಈ ತೊಂದರೆಯೇ ಇಲ್ಲ.

ಶುಚಿಯಾದ ಸಿಹಿಯೂ ಎಲ್ಲರಿಗೂ ಹಿತವಲ್ಲ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನ 2023ರಲ್ಲಿ ಹೇಳಿದೆ. ಪ್ರತಿ ಕಾರಿನಲ್ಲೂ ಒಬ್ಬ ದಾದಿಯೋ ನಾನಾರೋ ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ. 'ಇದು ಬೆಲ್ಲದ್ದು, ಏನೂ ಆಗಲ್ಲ ತಿನ್ನಿ' ಎಂದು ಅವರಿಗೆ ಒತ್ತಾಯ ಮಾಡುವುದು ಪ್ರೀತಿಯಲ್ಲ. ಆಲೆಮನೆಯ ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದೆ. ಮಲೆನಾಡಿನ ತೊಡೆದೇವು ಕಾಗದದಷ್ಟು ತೆಳುವಾಗಿದ್ದರೂ ಅದಕ್ಕೂ ಲೆಕ್ಕವಿದೆ. ಹೊಟ್ಟೆಯ ಮೂರನೇ ಒಂದು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ(ಸ)ರ ಉಪದೇಶವನ್ನು ನಾವು ಊರಲ್ಲಿ ನೆನೆದು ಪ್ರವಾಸದಲ್ಲಿ ಮರೆಯುತ್ತೇವೆ.

ಎಲ್ಲಕ್ಕಿಂತ ಮುಖ್ಯವಾದ, ಆದರೆ ಗಂಡಸರು ಯೋಚಿಸಲೂ ಹೋಗದ ಸಂಗತಿಯೊಂದಿದೆ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಪ್ರಯಾಣದ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಹಳೆಯ ಹೋಟೆಲುಗಳಲ್ಲಿ ಹೆಂಗಸರಿಗೆ ಬೇರೆ ಶೌಚಾಲಯವಿರುವುದು ಅಪರೂಪ. ಇದ್ದರೂ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಇಸ್ತಿಂಜಾಕ್ಕೂ ವುಝೂಗೂ ನೀರು ಬೇಕಾದ ನಮಗೆ ಇದು ಆರೋಗ್ಯದ ಪ್ರಶ್ನೆ, ಇಬಾದತ್ತಿನ ಪ್ರಶ್ನೆಯೂ ಹೌದು. ನೀರು ಕುಡಿಯದೆ, ಮೂತ್ರ ತಡೆದುಕೊಂಡು ಆರೇಳು ಗಂಟೆ ಕುಳಿತರೆ ಮೂತ್ರನಾಳದ ಸೋಂಕಿಗೆ ದಾರಿಯಾಗುತ್ತದೆ. ಗರ್ಭಿಣಿಯರಲ್ಲಿ ಅದು ಮೂತ್ರಪಿಂಡಕ್ಕೆ ಹರಡಬಹುದು, ಅವಧಿಗೆ ಮುಂಚಿನ ಹೆರಿಗೆಗೂ ಕಾರಣವಾಗಬಹುದು. ಎಲ್ಲಿ ದೋಸೆ ಚೆನ್ನಾಗಿದೆ ಎಂದು ಹತ್ತು ಜನರನ್ನು ವಿಚಾರಿಸುವ ಯಜಮಾನರು, ಎಲ್ಲಿ ಶೌಚಾಲಯ ಚೆನ್ನಾಗಿದೆ ಎಂದು ಒಬ್ಬರನ್ನಾದರೂ ವಿಚಾರಿಸಲಿ. ಪ್ರಯಾಣದ ಯೋಜನೆ ಅಲ್ಲಿಂದ ಶುರುವಾಗಬೇಕು.

'ಪಾಪ, ಸಣ್ಣ ಅಂಗಡಿಯವರು, ಇಷ್ಟೆಲ್ಲ ಕೇಳಿದರೆ ಅವರು ಬದುಕುವುದು ಹೇಗೆ?' ಎನ್ನುವವರಿದ್ದಾರೆ. ನಿಜವಾದ ಕಾಳಜಿಯೇ. ಆದರೆ ಮುಚ್ಚಳ, ಸೋಪು, ಚಿಲಕ, ಕುದಿಸಿದ ನೀರು ಇವುಗಳಿಗೆ ದೊಡ್ಡ ಬಂಡವಾಳ ಬೇಡ. ಸಣ್ಣ ಆಹಾರ ವ್ಯಾಪಾರಿಗಳ ನೋಂದಣಿಗೆ 2011ರ ನಿಯಮಗಳಲ್ಲಿ ನಿಗದಿಯಾದ ಶುಲ್ಕ ವರ್ಷಕ್ಕೆ 100 ರೂಪಾಯಿ. ಒಬ್ಬ ಗಿರಾಕಿ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಜಗಳ ಮಾಡಿದರೆ ಏನೂ ಬದಲಾಗದು. 'ದೋಸೆ ಬಹಳ ಚೆನ್ನಾಗಿತ್ತು ಯಜಮಾನರೇ, ಹೆಂಗಸರ ಶೌಚಾಲಯಕ್ಕೆ ಒಂದು ಚಿಲಕ ಹಾಕಿಸಿಬಿಡಿ, ಮುಂದಿನ ಸಲ ಎಲ್ಲರನ್ನೂ ಕರೆದುಕೊಂಡು ಬರುತ್ತೇವೆ' ಎಂದು ಹತ್ತು ಕುಟುಂಬಗಳು ಹೇಳಿದರೆ ಬದಲಾಗುತ್ತದೆ. ಹೋಟೆಲ್, ಬೇಕರಿ ನಡೆಸುವವರು ನಮ್ಮ ಸಮುದಾಯದಲ್ಲೂ ಸಾಕಷ್ಟಿದ್ದಾರೆ. ಬಾಗಿಲಲ್ಲಿ ಹಲಾಲ್ ಎಂದು ಬರೆಸಿದವರ ಮೇಲೆ ಒಳಗಿನ ತಯ್ಯಿಬ್‌ನ ಹೊಣೆ ಇನ್ನೂ ಹೆಚ್ಚು. ಜುಮಾ ನಮಾಝ್ ಮುಗಿಸಿ ಬಂದವರಿಗೆ ಬಡಿಸುವ ತಟ್ಟೆಯನ್ನು ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆಯುವುದು ಅವರಿಗೆ ಶೋಭೆ ತರದು.

ನಮ್ಮ ಕಡೆಯ ಕರ್ತವ್ಯಗಳೂ ಇವೆ. ಮನೆಯಿಂದ ಕುದಿಸಿ ಆರಿಸಿದ ನೀರು, ಸೋಪು, ಎರಡು ಓಆರ್‌ಎಸ್ ಪೊಟ್ಟಣ ಕಾರಿನಲ್ಲಿರಲಿ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಭೇದಿಯಾದ ಮಗುವಿಗೆ ಗುಟುಕು ಗುಟುಕಾಗಿ ಕುಡಿಸಬೇಕು. ಮಗು ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ಪ್ರವಾಸ ಅಲ್ಲಿಗೇ ನಿಲ್ಲಿಸಿ ತಾಲೂಕು ಆಸ್ಪತ್ರೆಗೆ ಹೋಗಬೇಕು. ಇನ್ನು ಜಲಾಶಯದ ದಂಡೆಯಲ್ಲಿ ತಿಂದು ಕಾಗದದ ತಟ್ಟೆ, ಬಾಟಲಿಗಳನ್ನು ಅಲ್ಲೇ ಎಸೆದು ಬಂದವರಿಗೆ ಹೋಟೆಲಿನ ಕೊಳಕಿನ ಬಗ್ಗೆ ಮಾತಾಡುವ ಹಕ್ಕಿಲ್ಲ.

ಹಳೆಯ ಹೋಟೆಲುಗಳು, ಮಿಠಾಯಿ ಅಂಗಡಿಗಳು ಉಳಿಯಬೇಕು. ನಮ್ಮ ಮೊಮ್ಮಕ್ಕಳೂ ಅಲ್ಲಿ ಕುಳಿತು ತಿನ್ನಬೇಕು. ಅದಕ್ಕೆ ಅಲ್ಲಿಯ ರುಚಿಯನ್ನು ಹೊಗಳಿದರಷ್ಟೇ ಸಾಲದು, ಶುಚಿಯನ್ನೂ ಕೇಳಿ ಪಡೆಯಬೇಕು, ಶುಚಿ ಕಾಪಾಡಿದವರ ಅಂಗಡಿಗೇ ಹುಡುಕಿಕೊಂಡು ಹೋಗಬೇಕು.